ಆಟ ಮುಗಿಸಲು ಹಟ್ಟಿಗೆ ಹೋದೆವು

ನಮ್ಮ ಮನೆಗೆ ವಿಡಿಯೋ ಗೇಮ್ ತಂದವಳು ಸಣ್ಣತ್ತಿ, ಅಪ್ಪನ ಕೊನೆಯ ತಂಗಿ. ಅವಳು ತರಲು ಹೋಗಿದ್ದು ಲೈನಿಂಗ್ ಬಟ್ಟೆ.

ಮಸ್ಕಿಯ ನಮ್ಮ ಮನೆಯ ಪಡಸಾಲೆಯಲ್ಲಿ ಅವಳ ಹೊಲಿಗೆ ಮಷೀನ್ ಇತ್ತು. ಓಣಿಯ ಹೆಂಗಸರ ಜಂಪರುಗಳನ್ನೆಲ್ಲ ಅವಳೇ ಹೊಲಿಯುತ್ತಿದ್ದಳು. ಪಿಯುಸಿಯಲ್ಲಿ ಅವಳಿಗೆ ಇಂಗ್ಲಿಷ್ ಒಂದು ಉಳಿದುಬಿಟ್ಟಿತ್ತು. ಪರೀಕ್ಷೆ ಕಟ್ಟುವುದು, ಬರೆಯುವುದು, ನಪಾಸಾಗುವುದು, ಮತ್ತೆ ಕಟ್ಟುವುದು ನಡೆದೇ ಇತ್ತು. ಒಳ್ಳೆಯ ದಾರ, ಹುಕ್ಕು, ಲೈನಿಂಗ್ ಬೇಕೆಂದರೆ ಸಿಂಧನೂರಿಗೆ ಹೋಗಬೇಕು. ಕಾಲುವೆಯ ನೀರು, ಭತ್ತ, ಅಕ್ಕಿ ಮಿಲ್ಲುಗಳಿಂದ ಆ ಊರಿನ ಅಂಗಡಿಗಳಿಗೆ ಹೊಸ ಸಾಮಾನು ನಮಗಿಂತ ಬಹಳ ಮೊದಲೇ ಬರುತ್ತಿತ್ತು.

ಆ ದಿನ ನಾನೂ ಅವಳ ಜೊತೆ ಹೋಗಿದ್ದೆ. ಆಗ ನಾನು ಏಳನೆಯ ಕ್ಲಾಸು. ದಪ್ಪ ಕನ್ನಡಕ, ಎಣ್ಣೆ ಹಚ್ಚಿ ಬಿಗಿದು ಕಟ್ಟಿದ ಎರಡು ಜಡೆ. ಕೈಗೆ ಸಿಕ್ಕಿದ್ದನ್ನೆಲ್ಲ, ಬೆಂಕಿಪೊಟ್ಟಣದ ಮೇಲಿನ ಅಕ್ಷರವನ್ನೂ, ಓದುವ ಹುಡುಗಿ. ಬಟ್ಟೆ ಅಂಗಡಿಯ ಪಕ್ಕದಲ್ಲೇ ಒಂದು ಟಿವಿ ಅಂಗಡಿ. ಅದರ ಮುಂದೆ ಜನ ನಿಂತಿದ್ದರು. ಒಳಗೆ ಟಿವಿಯಲ್ಲಿ ಇಬ್ಬರು ಸಿಪಾಯಿಗಳು, ಒಬ್ಬನಿಗೆ ನೀಲಿ ಚಡ್ಡಿ, ಇನ್ನೊಬ್ಬನಿಗೆ ಕೆಂಪು ಚಡ್ಡಿ, ಬಂದೂಕು ಹಿಡಿದು ಕಾಡಿನಲ್ಲಿ ಓಡುತ್ತಿದ್ದರು. ಅಂಗಡಿಯವನ ಕೈಯಲ್ಲಿ ತಂತಿ ಇರುವ ಒಂದು ರಿಮೋಟ್. ಅವನು ಗುಂಡಿ ಒತ್ತಿದಂತೆ ನೀಲಿ ಚಡ್ಡಿಯವ ಲಾಗ ಹಾಕುತ್ತಿದ್ದ.

"ನಾ ಒಂದ್ ಸಲ ಆಡ್ಲೇನ್ರಿ?" ಎಂದು ಸಣ್ಣತ್ತಿ ಕೇಳಿದಳು.

ಅಂಗಡಿಯವ ನಕ್ಕ. "ಅಕ್ಕಾರ, ಇದು ಹುಡುಗೂರ ಆಟ ರೀ."

"ಹುಡುಗೂರು ಯಾರೂ ಆಡಾಕತ್ತಿಲ್ಲಲ್ರಿ, ನೀವ ಆಡಾಕತ್ತೀರಿ."

ಜನ ನಕ್ಕರು. ಅವನು ರಿಮೋಟ್ ಕೊಟ್ಟ. ಅವಳ ಸಿಪಾಯಿ ಕಣ್ಣು ಮಿಟುಕಿಸುವುದರೊಳಗೆ ಸತ್ತ. "ಇನ್ನೊಮ್ಮೆ," ಎಂದಳು. ಮತ್ತೆ ಸತ್ತ. "ಇನ್ನೊಮ್ಮೆ." ಆಮೇಲೆ ಅವನಿಗೆ ಬೇಸರ ಬಂದು ರಿಮೋಟ್ ಇಸಿದುಕೊಂಡ. ಸಣ್ಣತ್ತಿ ಅಲ್ಲೇ ನಿಂತಳು. ಸ್ವಲ್ಪ ಹೊತ್ತಿನ ಮೇಲೆ, "ಇದು ಮಾರಾಟಕ್ಕೈತೇನು?" ಎಂದು ಕೇಳಿದಳು. ಹೊಲಿಗೆಯ ರೊಕ್ಕದಲ್ಲಿ ಅದನ್ನೇ ಕೊಂಡಳು. ಆ ವಾರ ಓಣಿಯ ಹೆಂಗಸರಿಗೆ ಲೈನಿಂಗ್ ಬರಲಿಲ್ಲ.

ಮನೆಗೆ ಬಂದ ಮೇಲೆ ಅದನ್ನು ಟಿವಿಗೆ ಜೋಡಿಸಿದವಳು ನಾನು. ಆಂಟೆನಾದ ತಂತಿ ಕಿತ್ತು ಇದರ ತಂತಿ ಹಾಕಿ, ಚಾನಲ್ಲು ತಿರುಗಿಸುತ್ತ ತಿರುಗಿಸುತ್ತ ಚಿತ್ರ ಹಿಡಿದೆ. ಅದರೊಳಗೆ ಸಿಗಿಸುವ ಆಟದ ಕ್ಯಾಸೆಟ್ಟಿನ ಮೇಲೆ ನೂರಾರು ಆಟಗಳಿವೆ ಎಂದು ಬರೆದಿತ್ತು. ಒಂದೊಂದೇ ತೆಗೆದು ನೋಡಿದರೆ ಇದ್ದವು ಕೆಲವೇ ಆಟಗಳು. ಬೇರೆ ಬೇರೆ ಹೆಸರಲ್ಲಿ ಅವೇ ತಿರುಗಿ ತಿರುಗಿ ಬರುತ್ತಿದ್ದವು. ಆದರೆ ಇದ್ದ ಕೆಲವಾದರೂ ಎಂಥವು! ಇಟ್ಟಂಗಿ ಗೋಡೆಗಳ ನಡುವೆ ಟ್ಯಾಂಕ್ ಓಡಿಸುವ ಆಟದಲ್ಲಿ ನಮ್ಮ ಹದ್ದನ್ನು ನಾವೇ ಕಾಯಬೇಕು, ತಪ್ಪಿ ನಾವೇ ಅದಕ್ಕೆ ಗುಂಡು ಹೊಡೆದರೂ ಆಟ ಮುಗಿಯಿತು. ಮೀಸೆಯವನೊಬ್ಬ ಅಣಬೆ ತಿಂದು ದೊಡ್ಡವನಾಗುವ ಆಟ ನನಗೆ ಅಷ್ಟೇನೂ ಹಿಡಿಸಲಿಲ್ಲ, ಅವನು ಜಾರುತ್ತಿದ್ದ. ಮೇಲಿಂದ ಬೀಳುವ ಇಟ್ಟಂಗಿಗಳನ್ನು ಸಾಲಾಗಿ ಕೂಡಿಸುವ ಆಟದಲ್ಲಿ ನನ್ನನ್ನು ಹೊಡೆಯುವವರಿರಲಿಲ್ಲ. ಗೇಮಿನ ಜೊತೆ ಬಂದಿದ್ದ, ಟಿವಿಯ ಬಾತುಕೋಳಿಗೆ ಗುಂಡು ಹೊಡೆಯುವ ಪಿಸ್ತೂಲು ಅಪ್ಪನಿಗೆ ಮಾತ್ರ; ನಾವು ಇಲ್ಲದಾಗ ಅವನೊಬ್ಬನೇ ಹೊಡೆಯುತ್ತಿದ್ದನೆಂದು ಅವ್ವ ಹೇಳಿದಳು.

ಸಣ್ಣತ್ತಿಗೆ ಮಾತ್ರ ಆ ಇಬ್ಬರು ಸಿಪಾಯಿಗಳ ಆಟವೇ ಬೇಕು. ನೀಲಿ ಚಡ್ಡಿ ಅವಳದು, ಕೆಂಪು ನನ್ನದು. ಒಬ್ಬೊಬ್ಬರಿಗೆ ಮೂರು ಜೀವ. ಒಬ್ಬರ ಜೀವ ಮುಗಿದರೆ ಇನ್ನೊಬ್ಬರ ಜೀವದಲ್ಲಿ ಒಂದನ್ನು ತೆಗೆದುಕೊಳ್ಳಬಹುದಿತ್ತು. ಕಾಡು, ಜಲಪಾತ, ಹಿಮ, ಬೆಂಕಿ ಉಗುಳುವ ಕಾರ್ಖಾನೆ, ಒಂದು ಮುಗಿದ ಮೇಲೆ ಒಂದು. ಮಷೀನ್ ತುಳಿದು ತುಳಿದು ಅವಳಿಗೆ ಕೈಕಾಲು ಒಟ್ಟಿಗೆ ನಡೆಸುವ ರೂಢಿ. ಬೆರಳು ನನಗಿಂತ ಚುರುಕು. ನನ್ನ ಶಕ್ತಿ ಬೇರೆ. ಯಾವ ಮರದ ಹಿಂದಿನಿಂದ ಯಾರು ಬರುತ್ತಾರೆ ಎನ್ನುವುದು ಒಮ್ಮೆ ನೋಡಿದರೆ ನನ್ನ ತಲೆಯಲ್ಲಿ ಕೂತುಬಿಡುತ್ತಿತ್ತು. "ಈಗ ಮ್ಯಾಲಿಂದ ಬರ್ತಾನ, ಬಗ್ಗು!" ಎಂದು ನಾನು ಕೂಗುವುದು, ಅವಳು ಬಗ್ಗುವುದು. ಬೇಸಿಗೆ ರಜೆ ಅರ್ಧ ಕಳೆಯುವುದರೊಳಗೆ ಕೊನೆಯ ಮಟ್ಟದ ಬಾಗಿಲ ತನಕ ಹೋಗಿದ್ದೆವು.

ಆದರೆ ಮಸ್ಕಿಯ ಕರೆಂಟು ನಮ್ಮನ್ನು ಆ ಬಾಗಿಲ ಒಳಗೆ ಬಿಡಲಿಲ್ಲ. ಆ ಆಟದಲ್ಲಿ ಅರ್ಧಕ್ಕೆ ನಿಲ್ಲಿಸಿ ನಾಳೆ ಅಲ್ಲಿಂದಲೇ ಮುಂದುವರಿಸುವ ಸೌಲತ್ತು ಇರಲಿಲ್ಲ. ಕರೆಂಟು ಹೋಯಿತೋ, ಮತ್ತೆ ಕಾಡಿನಿಂದಲೇ ಸುರು. ಬೇಸಿಗೆಯ ಕರೆಂಟು ಯಾವಾಗ ಬರುತ್ತದೆ ಯಾವಾಗ ಹೋಗುತ್ತದೆ ಎಂದು ಹೇಳುವ ಶಕ್ತಿ ಯಾರಿಗೂ ಇರಲಿಲ್ಲ. ಕಾರ್ಖಾನೆ ದಾಟಿ ಉಸಿರು ಬಿಟ್ಟೆವೆನ್ನುವಾಗ ಟಿವಿ ಕಪ್ಪಾಗುತ್ತಿತ್ತು, ಫ್ಯಾನು ನಿಧಾನಕ್ಕೆ ನಿಲ್ಲುತ್ತಿತ್ತು. ನಾನು ರಿಮೋಟ್ ಎಸೆದು ಅಳುತ್ತಿದ್ದೆ. ಸಣ್ಣತ್ತಿ ಎದ್ದು ಹೋಗಿ ಮಷೀನಿನ ಮುಂದೆ ಕೂತು ಜಂಪರಿಗೆ ತೋಳು ಜೋಡಿಸುತ್ತಿದ್ದಳು. ಅದಕ್ಕೆ ಕರೆಂಟು ಬೇಕಿರಲಿಲ್ಲ.

ಒಂದು ಮಧ್ಯಾಹ್ನ ಹೀಗೇ ಟಿವಿ ಕಪ್ಪಾದಾಗ ಅವಳು ಎದ್ದು ಹೋಗಲಿಲ್ಲ. "ಹಟ್ಟಿಗೆ ಹೋಗೂಣು," ಎಂದಳು.

ಹಟ್ಟಿಯಲ್ಲಿ ದೊಡ್ಡತ್ತಿಯ ಮನೆ. ದೊಡ್ಡತ್ತಿ ಇವಳ ಅಕ್ಕ. ಅವಳ ಗಂಡ, ನಾವು ಮಾಮಾ ಎನ್ನುವವರು, ಚಿನ್ನದ ಗಣಿಯಲ್ಲಿ ಕೆಲಸಕ್ಕಿದ್ದರು. ಕಂಪನಿ ಕ್ವಾರ್ಟರ್ಸಿನಲ್ಲಿ ಕರೆಂಟು ಹೋಗುವುದೇ ಇಲ್ಲವೆಂದು ದೊಡ್ಡತ್ತಿ ಬಂದಾಗಲೆಲ್ಲ ಹೇಳಿಕೊಳ್ಳುತ್ತಿದ್ದಳು.

ಅಪ್ಪ ಒಪ್ಪಲಿಲ್ಲ. "ಮದುವಿ ಆಗೋ ಹುಡುಗಿ ವಿಡಿಯೋ ಗೇಮ್ ಹೊತ್ಕೊಂಡು ಊರೂರು ತಿರುಗ್ತಾಳಂದ್ರ ಮಂದಿ ಏನಂದಾರು?"

"ಅಕ್ಕನ ಮನಿಗೆ ಹೋಗಾಕತ್ತೀನಣ್ಣ. ಮಂದಿಗೆ ಅಷ್ಟ ಹೇಳು."

"ಪರೀಕ್ಷಾ ಐತಿ. ಇಂಗ್ಲಿಷ್ ಯಾವಾಗ ಓದ್ತಿ?"

"ಇದು ಮುಗಿಸಿ ಓದ್ತೀನಿ. ಇದೊಂದು ಅರ್ಧಕ್ಕ ನಿಂತೈತಿ, ಅದೊಂದು ಅರ್ಧಕ್ಕ ನಿಂತೈತಿ. ಒಂದರ ಮುಗೀಲಿ."

ಅಪ್ಪ ಪೇಪರು ಮುಖಕ್ಕೆ ಅಡ್ಡ ಹಿಡಿದ. ಬೇಡ ಎಂದು ಎರಡನೆಯ ಸಲ ಹೇಳಲಿಲ್ಲ.

ದೊಡ್ಡತ್ತಿಗೆ ಹೊಲಿದಿಟ್ಟ ಜಂಪರುಗಳ ನಡುವೆ ಗೇಮನ್ನು ಸುತ್ತಿ ಗಂಟು ಕಟ್ಟಿದೆವು. ಲಿಂಗಸುಗೂರಿನಲ್ಲಿ ಬಸ್ಸು ಬದಲಿಸಬೇಕು. ಬಸ್‌ಸ್ಟ್ಯಾಂಡಿನಲ್ಲಿ ಪಕ್ಕದಲ್ಲಿ ಕೂತಿದ್ದ ಮುದುಕಿಯೊಬ್ಬಳು ಸಣ್ಣತ್ತಿ ಗಂಟನ್ನು ತೊಡೆಯ ಮೇಲಿಂದ ಇಳಿಸದೇ ಇರುವುದನ್ನು ನೋಡಿ, "ಬಂಗಾರೈತೇನವ್ವಾ?" ಎಂದು ಕೇಳಿದಳು.

"ಇಲ್ಲ ಯವ್ವಾ, ಆಟ."

"ಯಾರಿಗೆ, ಈ ಹುಡುಗಿಗೇನು?"

"ನನಗ."

ಮುದುಕಿ ಅವಳ ಮುಖವನ್ನೂ ಹಣೆಯ ಮೇಲಿನ ವಿಭೂತಿಯನ್ನೂ ಒಮ್ಮೆ ನೋಡಿದಳು. "ಆಡವ್ವಾ, ಆಡು. ನಮ್ಮ ಕಾಲಕ್ಕ ಹತ್ತಿ ಬಿಡಸೂದು ಬಿಟ್ರ ಮತ್ತೊಂದಿದ್ದಿಲ್ಲ," ಎಂದು ಎಲೆ ಅಡಿಕೆಯ ಚೀಲ ಬಿಚ್ಚಿದಳು.

ಹಟ್ಟಿಗೆ ಹೋದ ಮೇಲೆ ಬೇರೊಂದು ತೊಡಕು. ಕರೆಂಟೇನೋ ಇತ್ತು, ಆದರೆ ಮಾಮಾ ಆ ವಾರ ರಾತ್ರಿ ಪಾಳಿಯಲ್ಲಿದ್ದರು. ಬೆಳಿಗ್ಗೆ ಬಂದು ಊಟ ಮಾಡಿ ಮಲಗುವವರು. ಕ್ವಾರ್ಟರ್ಸಿನಲ್ಲಿ ಇದ್ದ ಒಂದೇ ದೊಡ್ಡ ಕೋಣೆಯಲ್ಲೇ ಟಿವಿ, ಅದರ ಎದುರಿಗೇ ಅವರ ಮಂಚ. ಸಂಜೆ ಆಡೋಣವೆಂದರೆ ಓಣಿಯ ಮಂದಿಯೆಲ್ಲ ಟಿವಿ ನೋಡಲು ಬಂದು ಕೂಡುತ್ತಾರೆ.

"ದನಿ ಪೂರಾ ಬಂದ್ ಮಾಡಿ ಆಡ್ರಿ. ಅವರು ಎದ್ರಂದ್ರ ನನಗ ಗೊತ್ತಿಲ್ಲ," ಎಂದಳು ದೊಡ್ಡತ್ತಿ.

ದೊಡ್ಡತ್ತಿಯ ಮಗಳು ನನ್ನ ವಾರಿಗೆಯವಳು. ಅವಳು ನನ್ನನ್ನು ಅಡಿಗೆಮನೆಗೆ ಎಳೆದುಕೊಂಡು ಹೋಗಿ ಕಿವಿಯಲ್ಲಿ ಒಂದು ಗುಟ್ಟು ಹೇಳಿದಳು. ಆಟ ಸುರುವಾಗುವ ಮೊದಲು ಗುಂಡಿಗಳನ್ನು ಒಂದು ಲೆಕ್ಕದಲ್ಲಿ ಒತ್ತಿದರೆ ಮೂರರ ಬದಲು ರಾಶಿ ಜೀವ ಸಿಗುತ್ತವಂತೆ. ಕಾಲೋನಿಯ ಹುಡುಗರೆಲ್ಲ ಹಾಗೆಯೇ ಆಡುತ್ತಾರಂತೆ. ನಾನು ಕುಣಿಯುತ್ತ ಬಂದು ಸಣ್ಣತ್ತಿಗೆ ಹೇಳಿದೆ.

"ಬ್ಯಾಡ," ಎಂದಳು ಅವಳು.

"ಯಾಕ ಚಿಗವ್ವಾ? ಎಲ್ಲಾರೂ ಹಂಗ ಆಡ್ತಾರ," ಎಂದಳು ದೊಡ್ಡತ್ತಿಯ ಮಗಳು.

"ಆಡ್ಲಿ. ಅದು ಬ್ಯಾರೆ ಆಟ. ನಾವು ಮೂರು ಜೀವದಾಗ ಅಲ್ಲೀ ತನಕ ಹೋಗೀವಿ, ಮೂರರಾಗ ಮುಗಸೂಣು."

ದನಿಯಿಲ್ಲದೆ ಆಡಿದೆವು. ಆಗ ಗೊತ್ತಾಯಿತು, ನಾವು ಕಣ್ಣಿಗಿಂತ ಹೆಚ್ಚಾಗಿ ಕಿವಿಯಿಂದ ಆಡುತ್ತಿದ್ದೆವು. ಗುಂಡಿನ ಸಪ್ಪಳವಿಲ್ಲ, ನಾನು "ಬಗ್ಗು" ಎಂದು ಕೂಗುವಂತಿಲ್ಲ. ಮಸ್ಕಿಯಲ್ಲಿ ಕಣ್ಣುಮುಚ್ಚಿ ದಾಟುತ್ತಿದ್ದ ಜಲಪಾತದಲ್ಲೇ ಇಬ್ಬರೂ ಸತ್ತೆವು. ಮತ್ತೆ ಸುರು. ಮತ್ತೆ ಸತ್ತೆವು. ನಾನು ಸಿಟ್ಟಿನಿಂದ ರಿಮೋಟನ್ನು ನೆಲಕ್ಕೆ ಕುಕ್ಕಿದ ಸಪ್ಪಳಕ್ಕೆ ಮಂಚ ಕಿರ್ ಎಂದಿತು.

ಮಾಮಾ ಎದ್ದು ಕೂತಿದ್ದರು. ಕಣ್ಣು ಕೆಂಪಗಿದ್ದವು. ನಾನು ಸಣ್ಣತ್ತಿಯ ಹಿಂದೆ ಸರಿದೆ.

"ಮಾಮಾರ, ತಪ್ಪಾತು, ಬಂದ್ ಮಾಡ್ತೀವಿ," ಎಂದಳು ಸಣ್ಣತ್ತಿ.

ಅವರು ಟಿವಿಯನ್ನೇ ನೋಡುತ್ತಿದ್ದರು. "ದನಿ ಯಾಕ ಇಲ್ಲ?"

"ನಿಮ್ಮ ನಿದ್ದಿ ಕೆಡ್ತೈತಂತ ರೀ."

"ಹಂಗಾರ ಒಬ್ಬರಿಗೊಬ್ಬರು ಹೆಂಗ ಹೇಳ್ತೀರಿ?"

"ಹೇಳಾಕ ಬರವಲ್ದು ರೀ. ಅದಕ್ಕ ಸಾಯಾಕತ್ತೀವಿ."

ಮಾಮಾ ನಕ್ಕರು. ಗಣಿಯ ಕೆಳಗೆ ಡ್ರಿಲ್ಲಿನ ಗದ್ದಲದಲ್ಲಿ ತಮಗೂ ಮಾತು ಕೇಳುವುದಿಲ್ಲ, ತಲೆಯ ದೀಪ ಅಲ್ಲಾಡಿಸಿಯೋ ಹೆಗಲು ತಟ್ಟಿಯೋ ಹೇಳುತ್ತೇವೆ ಎಂದರು. "ಕಾಲಿಗೆ ಕಾಲು ತಾಗಿಸಿ ಕುಂಡ್ರಿ. ಒಮ್ಮಿ ಒತ್ತಿದ್ರ ಬಗ್ಗು, ಎರಡು ಸಲ ಒತ್ತಿದ್ರ ಹಾರು," ಎಂದು ಗೋಡೆಯ ಕಡೆ ತಿರುಗಿ ಮಲಗಿದರು. ನಿದ್ದೆ ಮಾಡಲಿಲ್ಲವೆಂದು ಕಾಣುತ್ತದೆ. ಆಗಾಗ ಈ ಕಡೆ ಹೊರಳುತ್ತಿದ್ದರು.

ಆ ದಿನ ಪೂರ್ತಿ ಕಾಲಿನ ಮಾತು ಕಲಿಯುವುದರಲ್ಲೇ ಹೋಯಿತು. ಮರುದಿನ ಬೆಳಿಗ್ಗೆ ಮಾಮಾ ಊಟ ಮುಗಿಸಿ ಮಲಗಿದ ಮೇಲೆ ಮತ್ತೆ ಕೂತೆವು. ಕಾಡು ದಾಟಿದೆವು, ಜಲಪಾತ ದಾಟಿದೆವು. ಹಿಮದಲ್ಲಿ ನನ್ನದೊಂದು ಜೀವ ಹೋಯಿತು. ಕಾರ್ಖಾನೆಯಲ್ಲಿ ಸಣ್ಣತ್ತಿಯ ಜೀವಗಳೆಲ್ಲ ಮುಗಿದವು. ನಾನು ಅವಳ ಕಡೆ ನೋಡಿ ತಲೆಯಾಡಿಸಿದೆ. ಅವಳು ಗುಂಡಿ ಒತ್ತಿ ನನ್ನದೊಂದು ಜೀವ ತೆಗೆದುಕೊಂಡಳು. ಈಗ ಇಬ್ಬರಿಗೂ ಒಂದೊಂದೇ. ಫ್ಯಾನು ತಿರುಗುತ್ತಲೇ ಇತ್ತು. ನನ್ನ ಕಣ್ಣು ಆಗಾಗ ಅದರ ಮೇಲೆಯೇ.

ಕೊನೆಯ ಬಾಗಿಲು ತೆರೆಯಿತು. ಒಳಗೆ ಏನಿದೆಯೆಂದು ನಾವಿಬ್ಬರೂ ಹಿಂದೆಂದೂ ನೋಡಿರಲಿಲ್ಲ, ಹಾಗಾಗಿ ನನ್ನ ನೆನಪು ಅಲ್ಲಿ ಕೆಲಸಕ್ಕೆ ಬರಲಿಲ್ಲ. ಮೊದಲ ಏಟಿಗೇ ನಾನು ಸತ್ತೆ. ದೊಡ್ಡತ್ತಿಯ ಮಗಳು ಬಾಯಿಗೆ ಕೈ ಅಡ್ಡ ಹಿಡಿದಳು. ಸಣ್ಣತ್ತಿ ಒಬ್ಬಳೇ ಉಳಿದಳು. ತುಟಿ ಕಚ್ಚಿ ಹಿಡಿದಿದ್ದಳು, ನೂಲನ್ನು ಸೂಜಿಗೆ ಪೋಣಿಸುವಾಗ ಹಿಡಿಯುವ ಹಾಗೆ. ಹಾರಿದಳು, ಬಗ್ಗಿದಳು, ಹೊಡೆದಳು. ಅಲ್ಲಿ ಮಿಡಿಯುತ್ತಿದ್ದ ದೊಡ್ಡದೊಂದು ಹೃದಯ ಕೆಂಪಾಗಿ, ಬಿಳಿಯಾಗಿ, ಒಡೆದುಹೋಯಿತು.

ಒಂದು ಹೆಲಿಕಾಪ್ಟರ್ ಹಾರಿತು. ಆಮೇಲೆ ಇಂಗ್ಲಿಷಿನಲ್ಲಿ ಏನೋ ಬರೆದು ಬಂತು. ಸಣ್ಣತ್ತಿ ಅದನ್ನು ಅಕ್ಷರ ಕೂಡಿಸಿ ನಿಧಾನಕ್ಕೆ ಓದಿದಳು. ಒಂದು ಶಬ್ದಕ್ಕೆ ತಡೆದಳು, ನಾನು ಹೇಳಲು ಬಾಯಿ ತೆರೆದಾಗ ಕೈಯೆತ್ತಿ ಸುಮ್ಮನಿರಿಸಿ ತಾನೇ ಓದಿ ಮುಗಿಸಿದಳು. ಪರದೆ ಕಪ್ಪಾಯಿತು, ಆಟ ಮತ್ತೆ ಮೊದಲ ಕಾಡಿನಿಂದ ಸುರುವಾಯಿತು.

"ಇಷ್ಟೇನಾ?" ಎಂದಳು ದೊಡ್ಡತ್ತಿಯ ಮಗಳು.

"ಮತ್ತೇನ್ ಬೇಕಿತ್ತು?" ಸಣ್ಣತ್ತಿ ರಿಮೋಟ್ ಕೆಳಗಿಟ್ಟು ಬೆರಳು ಚಾಚಿ ಮಡಿಸಿದಳು. ಮಂಚದ ಮೇಲಿಂದ ಮಾಮಾ, "ಮುಗೀತೇನು? ಇನ್ನರ ನಾ ಮಕ್ಕೋತೀನಿ," ಎಂದರು.

ಆ ಸಂಜೆ ಕ್ವಾರ್ಟರ್ಸಿನ ಮೆಟ್ಟಿಲ ಮೇಲೆ ಕೂತು ನಾವು ಮೂವರೂ ಎಂಥ ಆಟ ಇರಬೇಕಿತ್ತು ಎಂದು ಮಾತಾಡಿದೆವು. ಯಾರೋ ಮಾಡಿದ ಸಿಪಾಯಿಗಳು ಸಾಕು, ನಮ್ಮವೇ ವೀರರು ಬೇಕು ಎನ್ನುವುದು ನನ್ನ ವಾದ. ಒಬ್ಬೊಬ್ಬರಿಗೆ ಒಂದೊಂದು ಶಕ್ತಿ. ದೊಡ್ಡತ್ತಿಯ ಮಗಳ ವೀರೆಗೆ ನೆಲದ ಕೆಳಗಿನದೆಲ್ಲ ಕಾಣಬೇಕು. ನನ್ನವಳು ಮೇ ತಿಂಗಳ ಬಿಸಿಲನ್ನು ಕೈಯಲ್ಲಿ ಹಿಡಿದು ಎಸೆಯಬೇಕು, ರಾಯಚೂರು ಜಿಲ್ಲೆಯಲ್ಲಿ ಅದಕ್ಕೇನೂ ಕೊರತೆಯಿರಲಿಲ್ಲ.

"ನಿನ್ನ ಹೀರೋಗೆ ಏನ್ ಶಕ್ತಿ ಚಿಗವ್ವಾ?"

ಸಣ್ಣತ್ತಿ ಯೋಚಿಸಿದಳು. "ಹಾರೂದು ಗೀರೂದು ಏನೂ ಬ್ಯಾಡ. ಸತ್ತಲ್ಲಿಂದ ಎದ್ರ ಸಾಕು. ಮತ್ತ ಮೊದಲಿಂದ ಸುರು ಮಾಡೂದು ಬ್ಯಾಡ."

ನಾವು ನಕ್ಕೆವು. ಅವಳು ನಗಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ನನಗೆ ಇನ್ನೊಂದು ಆಸೆ ಹುಟ್ಟಿತು. "ನಾ ಮಸ್ಕ್ಯಾಗ, ನೀ ಹಟ್ಟ್ಯಾಗ, ಮತ್ತೊಬ್ಬರು ಸಿಂಧನೂರಾಗ. ಎಲ್ಲಾರೂ ಅವರವರ ಟಿವಿ ಮುಂದ ಕುಂತು ಒಂದ ಆಟ ಆಡಬೇಕು. ನನ್ನ ವೀರೆ ನಿನ್ನ ಟಿವ್ಯಾಗ ಬರಬೇಕು."

"ಹೆಂಗ ಬರ್ತಾಳ?"

"ಫೋನಿನ ತಂತ್ಯಾಗ ದನಿ ಬರಂಗಿಲ್ಲೇನು? ಹಂಗ."

ಇಂಥ ಆಟ ಜಗತ್ತಿನಲ್ಲಿ ಎಲ್ಲಾದರೂ ಇದೆಯೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಬೇಕು ಎನ್ನುವುದು ಮಾತ್ರ ಗೊತ್ತಿತ್ತು. ಸಣ್ಣತ್ತಿ ನನ್ನ ಜಡೆ ಬಿಚ್ಚಿ ಮತ್ತೆ ಹೆಣೆಯುತ್ತ, "ಬರೇ ಬೇಕು ಅಂದ್ರ ಆಗೂದಿಲ್ಲ. ಹೆಂಗ ಅನ್ನೂದು ನೀನ ಹುಡುಕು," ಎಂದಳು.

ಮಸ್ಕಿಗೆ ಬಂದ ದಿನವೇ ಅವಳು ಗೇಮನ್ನು ನನ್ನ ಕೈಗೆ ಕೊಟ್ಟು ಇಂಗ್ಲಿಷ್ ಪುಸ್ತಕ ತೆಗೆದಳು. ಆ ಸಲವೂ ನಪಾಸಾದಳು. ಮುಂದಿನ ಸಲ ಪಾಸಾದಳು. ಅಪ್ಪ ಪೇಢೆ ತಂದು ಓಣಿಗೆಲ್ಲ ಹಂಚಿದ. ಆಮೇಲೆ ಲಿಂಗಸುಗೂರಿನಲ್ಲಿ ಹುಡುಗಿಯರಿಗೆ ಹೊಲಿಗೆ ಕಲಿಸುವ ಕೆಲಸ ಸಿಕ್ಕಿತು, ಅದಕ್ಕೆ ಪಿಯುಸಿ ಆಗಿರಬೇಕಿತ್ತು. ಅಲ್ಲೇ ಕೋಣೆ ಹಿಡಿದಳು. ಮದುವೆಯನ್ನೂ ಮಾಡಿಕೊಂಡಳು, ಆದರೆ ಕೆಲಸ ಬಿಡಬೇಕೆಂದ ಇಬ್ಬರು ಗಂಡಿನ ಮನೆಯವರನ್ನು ಬೇಡವೆಂದ ಮೇಲೆ.

ನಾನು ಹೈಸ್ಕೂಲು ಮುಗಿಸುವ ಹೊತ್ತಿಗೆ ನಮ್ಮ ಮನೆಗೂ ದೊಡ್ಡತ್ತಿಯ ಮನೆಗೂ ಫೋನು ಬಂದಿತ್ತು, ಆ ಮನೆಗೂ ಒಂದು ವಿಡಿಯೋ ಗೇಮ್ ಬಂದಿತ್ತು. ಒಂದು ರವಿವಾರ ಮುಂಜಾನೆ ದೊಡ್ಡತ್ತಿಯ ಮಗಳೂ ನಾನೂ ಫೋನನ್ನು ಹೆಗಲಿಗೂ ಕಿವಿಗೂ ನಡುವೆ ಸಿಗಿಸಿಕೊಂಡು, "ಒಂದು, ಎರಡು, ಮೂರು" ಎಂದು ಎರಡೂ ಊರಲ್ಲಿ ಒಟ್ಟಿಗೆ ಸ್ಟಾರ್ಟ್ ಒತ್ತಿದೆವು. ಅವಳು ಸತ್ತರೆ ನಾನೂ ನಿಲ್ಲಿಸಿ ಮೊದಲಿಂದ ಸುರು ಮಾಡಬೇಕು, ನಾನು ಸತ್ತರೆ ಅವಳು. ಆ ಕರಾರಿನಿಂದಲೇ ಅದು ಒಂದೇ ಆಟವಾಯಿತು. "ಜಲಪಾತಕ್ಕ ಬಂದೆ, ನೀ ಎಲ್ಲಿ?" "ನಾನೂ ಅಲ್ಲೇ, ಎಡಕ್ಕ ನಿಂತೀನಿ." ನಿಂತಿರಲಿಲ್ಲ ನಿಜ. ಆದರೆ ನಾನು ಎಡಗಡೆ ಜಾಗ ಬಿಟ್ಟೇ ಆಡುತ್ತಿದ್ದೆ. ಅಪ್ಪನಿಗೆ ಫೋನು ಬೇಕಾಗಿ ಅವನು ತಂತಿ ಎಳೆಯುವ ತನಕ ಆಡಿದೆವು.

ಪಿಯುಸಿ ಮುಗಿದ ಬೇಸಿಗೆಯಲ್ಲಿ ಸಿಂಧನೂರಿನ ಒಂದು ಕಂಪ್ಯೂಟರ್ ಕ್ಲಾಸಿಗೆ ಸೇರಿದೆ. ಸೇರಿದ್ದಕ್ಕೆ ಕಾರಣ ಒಂದೇ. ಅಲ್ಲಿ ಎರಡು ಕಂಪ್ಯೂಟರುಗಳನ್ನು ತಂತಿಯಿಂದ ಜೋಡಿಸಿದ್ದಾರೆಂದು ಕೇಳಿದ್ದೆ. ದಿನಾ ಮಸ್ಕಿಯಿಂದ ಬಸ್ಸಿನಲ್ಲಿ ಹೋಗುತ್ತಿದ್ದೆ. ಮೊದಲ ದಿನವೇ ಕಲಿಸುವ ಸರ್‌ಗೆ ಕೇಳಿದೆ. "ಸರ್, ಆ ತಂತಿ ಯಾಕ್ರಿ?"

"ಇದರಾಗಿನ ಫೈಲ್ ಅದರಾಗ ಓದಾಕ."

"ಆಟ ಆಡಾಕ ಬರ್ತೈತೇನ್ರಿ?"

"ಇಲ್ಲಿ ಆಟ ಆಡಂಗಿಲ್ಲವ್ವಾ."

"ಆಡಂಗಿಲ್ಲ ರೀ, ಆಟಾನ ಬರೀತೀನಿ."

ಸರ್ ತಲೆ ಅಲ್ಲಾಡಿಸಿ ಮುಂದಿನ ಬೆಂಚಿಗೆ ಹೋದರು. ಫೈಲ್ ಓದುವುದಾದರೆ ನನಗೆ ಅಷ್ಟೇ ಸಾಕಿತ್ತು. ನನ್ನ ಗೊಂಬೆ ಎಲ್ಲಿ ನಿಂತಿದೆ ಎಂದು ಈ ಕಂಪ್ಯೂಟರು ಒಂದು ಫೈಲಿನಲ್ಲಿ ಬರೆಯಬೇಕು, ಅದು ಓದಿ ತನ್ನ ಪರದೆಯ ಮೇಲೆ ತೋರಿಸಬೇಕು. ಅದರ ಗೊಂಬೆಯದು ಹಾಗೇ ಇಲ್ಲಿಗೆ ಬರಬೇಕು. ಕ್ಲಾಸಿನಲ್ಲಿ ಪ್ರೋಗ್ರಾಂ ಬರೆಯುವುದನ್ನು ಕಲಿತೊಡನೆ ಅದನ್ನೇ ಬರೆಯಲು ಕೂತೆ. ಹೇಳಲು ಸುಲಭ. ಮಾಡುವಾಗ ಒಂದು ಬರೆಯುತ್ತಿದ್ದಾಗಲೇ ಇನ್ನೊಂದು ಓದಲು ಹೋಗಿ ಎರಡೂ ಕಲ್ಲಾಗಿ ನಿಲ್ಲುತ್ತಿದ್ದವು. ಬಂದ್ ಮಾಡಿ ಮತ್ತೆ ಹಚ್ಚಬೇಕು. ಜೊತೆಗಿದ್ದ ಹುಡುಗರು ಕ್ಲಾಸು ಮುಗಿದೊಡನೆ ಹೋಗುತ್ತಿದ್ದರು. ನಾನು ಮಸ್ಕಿಯ ಕೊನೆಯ ಬಸ್ಸಿನ ತನಕ ಕೂಡುತ್ತಿದ್ದೆ. ಮನೆಯಲ್ಲಿ ಊಟ ಮಾಡುವಾಗಲೂ ಅದೇ ತಲೆಯಲ್ಲಿ. ಇಬ್ಬರಿಗೂ ಒಂದೇ ಫೈಲ್ ಯಾಕೆ, ಬೇರೆ ಬೇರೆ ಕೊಟ್ಟರೆ ಒಂದು ಬರೆಯುವುದು ಇನ್ನೊಂದಕ್ಕೆ ಅಡ್ಡ ಬರುವುದಿಲ್ಲವಲ್ಲ ಎಂದು ಹೊಳೆದದ್ದು ರೊಟ್ಟಿ ಮುರಿಯುವಾಗ. ಅವ್ವ ಪಲ್ಯ ಬಡಿಸುತ್ತಿದ್ದಳು. ನಾನು ಎದ್ದು ನಿಂತುಬಿಟ್ಟೆ.

ಅದು ನಡೆಯಿತು ಎಂದು ಖಾತ್ರಿಯಾದ ವಾರ ದೊಡ್ಡತ್ತಿಯ ಮಗಳಿಗೆ ಫೋನು ಮಾಡಿ ಕರೆಸಿಕೊಂಡೆ. ಅವಳು ಹಟ್ಟಿಯಿಂದ ಬಂದು ಆ ಕಡೆಯ ಕಂಪ್ಯೂಟರಿನ ಮುಂದೆ ಕೂತಳು, ನಾನು ಈ ಕಡೆ. ನಡುವೆ ಸರ್ ಅವರ ಮೇಜು. ಕಪ್ಪು ಪರದೆಯ ಮೇಲೆ ಎರಡು ಇಂಗ್ಲಿಷ್ ಅಕ್ಷರ, ಒಂದು ಅವಳು, ಒಂದು ನಾನು. ಅವಳು ಗುಂಡಿ ಒತ್ತಿದಳು. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ನನ್ನ ಪರದೆಯ ಮೇಲೆ ಅವಳು ಒಂದು ಹೆಜ್ಜೆ ಸರಿದಳು.

"ಬಂದ್ಯಾ?" ಎಂದು ಕೂಗಿದೆ.

"ಬಂದೆ. ಭಾಳ ನಿಧಾನ ನಡಿತೈತಿ ಬೇ!"

ಸರ್ ಎದ್ದು ನನ್ನ ಹಿಂದೆ ಬಂದು ನಿಂತರು. ನೋಡಿದರು. ನನ್ನ ಅಕ್ಷರ ಬಲಕ್ಕೆ ನಡೆಯಿತು, ಆ ಕಡೆಯಿಂದ ನಗು ಕೇಳಿತು.

"ಇದು ಆಟನ ಹೌದಿಲ್ಲೋ?" ಎಂದರು ಸರ್.

"ಇನ್ನೂ ಇಲ್ಲ ರೀ. ಇನ್ನ ಇವಕ್ಕ ಹಾರೂದು ಕಲಸಬೇಕು," ಎಂದೆ. ಅವರು ಗಡಿಯಾರ ನೋಡಿ, ಕಿಸೆಯಿಂದ ಬೀಗದ ಕೈ ತೆಗೆದು ನನ್ನ ಮೇಜಿನ ಮೇಲಿಟ್ಟರು. "ಹೋಗುವಾಗ ಬಾಗಿಲ ಹಾಕ್ಕೊಂಡ್ ಹೋಗ್ರಿ," ಎಂದು ಚಹಾ ಕುಡಿಯಲು ಹೊರಟರು.